ಮಳೆಗಾಲಕ್ಕೆ ಎಂಥ ಬೂಟು?

ಮೃಗಶಿರಾ ಮಳೆ ಬಿತ್ತೆಂದರೆ ಸೇಡಂ, ಚಿತ್ತಾಪುರದ ಎರೆಭೂಮಿಯಲ್ಲಿ ನಡೆಯುವುದೇ ಒಂದು ಕೆಲಸ. ಹೆಜ್ಜೆ ಹೆಜ್ಜೆಗೂ ರಾಡಿ ಅಂಟುತ್ತದೆ. ಹವಾಯಿ ಚಪ್ಪಲಿ ಕೆಸರಿನಲ್ಲೇ ಉಳಿದು ಕಾಲು ಮಾತ್ರ ಮೇಲೆ ಬರುತ್ತದೆ. ಶಹಾಬಾದ್, ವಾಡಿ ಕಡೆಯ ಕಲ್ಲುಗಣಿಗಳಲ್ಲಿ ನೀರು ನಿಲ್ಲುತ್ತದೆ, ಒದ್ದೆ ಫರಸಿ ಜಾರುತ್ತದೆ. ಚಿಂಚೋಳಿಯ ಗುಡ್ಡಗಾಡಿನಲ್ಲಿ ಹುಲ್ಲು, ಮುಳ್ಳು, ಹುಳುಹುಪ್ಪಡಿ. ಈ ದಿನಗಳಲ್ಲಿ ದವಾಖಾನೆಗೆ ಬರುವವರು ಕಾಲು ತೋರಿಸಿದ ಮೇಲೆ ಒಂದು ಪ್ರಶ್ನೆ ಕೇಳುತ್ತಾರೆ: “ಡಾಕ್ಟರ್ ಸಾಹೇಬ್ರ, ನೀರು ಹೋಗದಂಥ ಗಟ್ಟಿ ಬೂಟು ಯಾವುದ್ರಿ?” ಈ ವಾರ ಅದನ್ನೇ ನೋಡೋಣ.

ನೀರಿನಿಂದ ಕಾಲಿಗೇನು ಕೇಡು?

ದಿನವಿಡೀ ಒದ್ದೆಯಾಗಿರುವ ಚರ್ಮ ಮೆತ್ತಗಾಗಿ, ಬೆರಳ ಸಂದಿಯಲ್ಲಿ ಬೆಳ್ಳಗಾಗಿ ಬಿರಿಯುತ್ತದೆ. ಇದೇ ಕೆಸರುಹುಣ್ಣು. ತುರಿಕೆ ತರುವ ಶಿಲೀಂಧ್ರ ಅಲ್ಲಿ ಬೆಳೆಯುತ್ತದೆ. ಬಿರುಕಿನಿಂದ ಬ್ಯಾಕ್ಟೀರಿಯಾ ಒಳಹೊಕ್ಕರೆ ಕಾಲು ಕೆಂಪಾಗಿ ಊದಿ, ಚಳಿಜ್ವರ ಬಂದು, ತೊಡೆಸಂದಿಯಲ್ಲಿ ಗಡ್ಡೆ ಕಟ್ಟುತ್ತದೆ. ಇಲಿಯ ಮೂತ್ರ ಬೆರೆತ ನೀರಿನಿಂದ ಇಲಿಜ್ವರವೂ ಬರಬಹುದು. ಆದ್ದರಿಂದ ಬೂಟು ಶೋಕಿಯಲ್ಲ, ಔಷಧಿಯಷ್ಟೇ ಅಗತ್ಯ.

ಆದರೆ ಒಂದು ಮಾತು ನೆನಪಿರಲಿ. ಹೊರಗಿನ ನೀರನ್ನು ಪೂರ್ತಿ ತಡೆಯುವ ಬೂಟು ಒಳಗಿನ ಬೆವರನ್ನೂ ಹೊರಗೆ ಬಿಡುವುದಿಲ್ಲ. ಹತ್ತು ತಾಸು ಗಮ್ ಬೂಟಿನಲ್ಲಿದ್ದ ಕಾಲು ಕೆಸರಿನಲ್ಲಿದ್ದ ಕಾಲಿನಷ್ಟೇ ಒದ್ದೆಯಾಗಿರುತ್ತದೆ. ಎಲ್ಲ ಕೆಲಸಕ್ಕೂ ಸಲ್ಲುವ ಒಂದೇ ಬೂಟು ಇಲ್ಲ. ನಿಮ್ಮ ಕೆಲಸ ನೋಡಿ ಆರಿಸಿ.

ಯಾರಿಗೆ ಯಾವುದು?

ಹೊಲದಲ್ಲಿ ನೀರು, ಕೆಸರು ತುಳಿಯುವವರಿಗೆ ಮೊಣಕಾಲಿನ ಹತ್ತಿರ ಬರುವ ರಬ್ಬರ್ ಅಥವಾ ಪಿ.ವಿ.ಸಿ. ಗಮ್ ಬೂಟು ಸಾಕು. ಇದರಲ್ಲಿ ಹೊಲಿಗೆಯೇ ಇಲ್ಲ, ಸೋರುವ ದಾರಿಯೂ ಇಲ್ಲ. ರಬ್ಬರ್ ಹೆಚ್ಚು ಬಾಗುತ್ತದೆ. ಪಿ.ವಿ.ಸಿ. ಅಗ್ಗವಾದರೂ ಬಿಸಿಲಿನಲ್ಲಿ ಬಿಟ್ಟರೆ ಬಿರುಸಾಗಿ ಸೀಳುತ್ತದೆ.

ದಿನಕ್ಕೆ ನಾಲ್ಕಾರು ಮೈಲಿ ನಡೆಯುವವರಿಗೆ ಹಿಮ್ಮಡಗಂಟಿನ ಮೇಲೆ ಬರುವ, ಲೇಸು ಕಟ್ಟುವ ಚರ್ಮದ ಬೂಟು ಒಳ್ಳೆಯದು. ಅಟ್ಟೆಯನ್ನು ಹೊಲಿದಿದ್ದರೆ ಸೂಜಿಯ ತೂತಿನಿಂದ ನೀರು ಬರುತ್ತದೆ. ಅಚ್ಚಿನಲ್ಲಿ ಎರಕ ಹೊಯ್ದು ಕೂಡಿಸಿದ ಅಟ್ಟೆ ಮೇಲು. ನಾಲಿಗೆಯ ಎರಡೂ ಅಂಚು ಮೇಲ್ಚರ್ಮಕ್ಕೆ ಕೂಡಿರಬೇಕು. ಅಟ್ಟೆಯ ಗೆರೆಗಳು ಆಳವಾಗಿ, ನಡುವೆ ಅಗಲವಾಗಿರಲಿ. ಒತ್ತೊತ್ತಾಗಿದ್ದರೆ ಎರೆಮಣ್ಣು ತುಂಬಿಕೊಂಡು ಅಟ್ಟೆ ನುಣ್ಣಗಾಗಿಬಿಡುತ್ತದೆ.

ಕಲ್ಲುಗಣಿಯವರಿಗೆ ಉಕ್ಕಿನ ಟೋಪಿಯಿರುವ ಸುರಕ್ಷಾ ಬೂಟೇ ಬೇಕು. ಎರಡಡಿ ಉದ್ದ, ಎರಡಡಿ ಅಗಲ, ಒಂದಿಂಚು ದಪ್ಪದ ಫರಸಿ ಸುಮಾರು 25 ಕಿಲೋ ತೂಗುತ್ತದೆ. ಅದು ಮೊಣಕಾಲೆತ್ತರದಿಂದ ಜಾರಿದರೂ ಬೆರಳಿನ ಎಲುಬು ಪುಡಿಯಾದೀತು. ಐ.ಎಸ್. 15298ರ ಸುರಕ್ಷಾ ಬೂಟಿನ ಟೋಪಿ 200 ಜೂಲ್ ಪೆಟ್ಟನ್ನು, ಅಂದರೆ ಸುಮಾರು 20 ಕಿಲೋ ತೂಕ ಒಂದು ಮೀಟರ್ ಎತ್ತರದಿಂದ ಬಿದ್ದ ಪೆಟ್ಟನ್ನು, ತಡೆಯಬೇಕು. ಐ.ಎಸ್.ಐ. ಗುರುತು ನೋಡಿಯೇ ಕೊಳ್ಳಿ. ಗಣಿ ಕಾರ್ಮಿಕರಿಗೆ ಮಾಲೀಕರೇ ಪುಕ್ಕಟೆಯಾಗಿ ಬೂಟು ಕೊಡಬೇಕೆಂದು 1961ರ ಗಣಿ ನಿಯಮಾವಳಿಯಲ್ಲೇ ಬರೆದಿತ್ತು. ಕೇಳಿ ಪಡೆಯುವುದು ಭಿಕ್ಷೆಯಲ್ಲ.

ಸಿಮೆಂಟ್ ಕಲಸುವವರು ಇನ್ನೊಂದು ಎಚ್ಚರ ವಹಿಸಬೇಕು. ಹಸಿ ಸಿಮೆಂಟು ಸುಣ್ಣದಂತೆ ಚರ್ಮ ತಿನ್ನುತ್ತದೆ. ಮೊದಲು ನೋವೇ ತಿಳಿಯದು, ಸಂಜೆಗೆ ಚರ್ಮ ಕಪ್ಪಾಗಿ ಆಳದ ಗಾಯವಾಗಿರುತ್ತದೆ. ಪ್ಯಾಂಟನ್ನು ಬೂಟಿನೊಳಗೆ ತುರುಕಬೇಡಿ, ಹೊರಗೆ ಇಳಿಬಿಡಿ. ಒಳಗೆ ಗಾರೆ ಹೋದರೆ ಆ ಕ್ಷಣವೇ ಬೂಟು ಬಿಚ್ಚಿ, ಕಾಲನ್ನು ಧಾರಾಳ ನೀರಿನಲ್ಲಿ ಬಹಳ ಹೊತ್ತು ತೊಳೆಯಿರಿ.

ಕೊಳ್ಳುವಾಗ

ಸಂಜೆ ಅಂಗಡಿಗೆ ಹೋಗಿ. ದಿನದ ಕೊನೆಗೆ ಕಾಲು ತುಸು ಊದಿರುತ್ತದೆ. ಕೆಲಸಕ್ಕೆ ಹಾಕುವ ಕಾಲುಚೀಲ ಧರಿಸಿಯೇ ಎರಡೂ ಕಾಲಿಗೆ ಹಾಕಿ ನೋಡಿ. ಉದ್ದನೆಯ ಬೆರಳಿನ ಮುಂದೆ ಹೆಬ್ಬೆರಳ ಅಗಲದಷ್ಟು ಜಾಗವಿರಬೇಕು. ನಡೆದಾಗ ಹಿಮ್ಮಡಿ ಮೇಲೇಳಬಾರದು. “ಹಾಕ್ತಾ ಹಾಕ್ತಾ ಸಡಿಲಾಗ್ತದ” ಎಂಬ ಮಾತಿಗೆ ಮರುಳಾಗಬೇಡಿ.

ತೊಗರಿ ಹೊಲದಲ್ಲಿ ಕಳೆ ತೆಗೆಯುವವರು ಹೆಚ್ಚಾಗಿ ಹೆಣ್ಣುಮಕ್ಕಳು. ಗಂಡನ ಬೂಟಿಗೆ ಬಟ್ಟೆ ತುರುಕಿ ಹಾಕಿಕೊಂಡರೆ ಬೊಕ್ಕೆ ಏಳುತ್ತದೆ, ಕಾಲು ಉಳುಕುತ್ತದೆ. ನಾಲ್ಕು, ಐದನೆಯ ನಂಬರು ಅಂಗಡಿಯಲ್ಲಿ ಇಲ್ಲದಿದ್ದರೆ ತರಿಸಿಕೊಡಲು ಹೇಳಿ.

ಮನೆಗೆ ತಂದ ಮೇಲೆ ಒಳಗೆ ಒಣ ಕಾಗದವಿಟ್ಟು, ಬೂಟನ್ನು ಹಿಮ್ಮಡಗಂಟಿನವರೆಗೆ ಬಕೀಟಿನ ನೀರಿನಲ್ಲಿ ಹತ್ತು ನಿಮಿಷ ಒತ್ತಿ ಹಿಡಿಯಿರಿ. ಕಾಗದ ಒದ್ದೆಯಾದರೆ ಮರಳಿಸಿ.

ಸಕ್ಕರೆ ಕಾಯಿಲೆ ಇದ್ದರೆ

ಇವರಿಗೆ ನನ್ನ ವಿಶೇಷ ವಿನಂತಿ. ಹಳೆಯ ಸಕ್ಕರೆ ಕಾಯಿಲೆಯಲ್ಲಿ ಪಾದದ ಸ್ಪರ್ಶಜ್ಞಾನ ಕುಗ್ಗುತ್ತದೆ. ಗಮ್ ಬೂಟಿನೊಳಗೆ ಸೇರಿದ ಒಂದು ಹರಳನ್ನು ಇಡೀ ದಿನ ತುಳಿದು, ರಾತ್ರಿ ಕಾಲುಚೀಲದ ಮೇಲೆ ರಕ್ತ ಕಂಡಾಗಲೇ ಗಾಯ ಗೊತ್ತಾದ ರೈತರಿದ್ದಾರೆ. “ನೋವಿಲ್ಲ, ಸಣ್ಣದು” ಎಂದು ಬಿಟ್ಟ ಆ ಗಾಯ ಕೊಳೆತರೆ ಬೆರಳನ್ನೋ ಪಾದವನ್ನೋ ಕತ್ತರಿಸುವ ಪ್ರಸಂಗ ಬರುತ್ತದೆ. ಕೂಲಿ ಮಾಡುವವನಿಗೆ ಕಾಲೇ ಬಂಡವಾಳ. ಬೂಟು ಹಾಕುವ ಮೊದಲು ಒಳಗೆ ಕೈಯಾಡಿಸಿ. ಹೊಸ ಬೂಟನ್ನು ಮೊದಲ ದಿನ ಒಂದೇ ತಾಸು ಹಾಕಿ. ಪ್ರತಿರಾತ್ರಿ ಪಾದದ ಅಡಿಯನ್ನು ಕನ್ನಡಿಯಲ್ಲಿ ನೋಡಿಕೊಳ್ಳಿ, ಇಲ್ಲವೇ ಮನೆಯವರಿಗೆ ತೋರಿಸಿ. ಬಿಸಿನೀರಿನಲ್ಲಿ ಕಾಲು ಇಡಬೇಡಿ. ಕುಷ್ಠರೋಗದಿಂದ ಪಾದ ಜೋಮು ಹಿಡಿದವರಿಗೆ ಮೆತ್ತನೆಯ ಎಂ.ಸಿ.ಆರ್. ಪಾದರಕ್ಷೆ ಸರ್ಕಾರದಿಂದ ಉಚಿತವಾಗಿ ಸಿಗುತ್ತದೆ. ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿ.

ಹಾವಿನ ಮಾತು

ಹಾವು ಕಚ್ಚುವುದು ಹೆಚ್ಚಾಗಿ ಪಾದಕ್ಕೆ, ಮೀನಖಂಡಕ್ಕೆ. ಎತ್ತರದ ಗಮ್ ಬೂಟು ಒಳ್ಳೆಯ ರಕ್ಷಣೆ, ಆದರೆ ಪೂರ್ಣ ಕವಚವಲ್ಲ. ಕಚ್ಚಿದರೆ ಹಗ್ಗ ಬಿಗಿಯುವುದು, ಕೊಯ್ಯುವುದು, ಮಂತ್ರ ಹಾಕಿಸುವುದು ಬೇಡ. ಬೂಟು ಬಿಚ್ಚಿ, ಕಾಲು ಅಲುಗಾಡದಂತೆ ಮಾಡಿ, ಪ್ರತಿವಿಷ ಸಿಗುವ ಆಸ್ಪತ್ರೆಗೆ ಕೂಡಲೇ ಕರೆತನ್ನಿ. ಅಂಗಳದಲ್ಲಿ ಬಿಟ್ಟ ಬೂಟನ್ನು ಕೊಡವದೆ ಹಾಕಬೇಡಿ. ಒಳಗೆ ಚೇಳು ಇರಬಹುದು.

ದಿನದ ಆರೈಕೆ

ಎರಡು ಜೊತೆ ಕಾಲುಚೀಲ ಇರಲಿ. ಬುತ್ತಿ ಬಿಚ್ಚುವ ಹೊತ್ತಿಗೆ ಬೂಟು ಕಳಚಿ, ಕಾಲಿಗೆ ಗಾಳಿಯಾಡಿಸಿ, ಒಣ ಜೊತೆ ಹಾಕಿ. ಸಂಜೆ ಸಾಬೂನು ಹಚ್ಚಿ ತೊಳೆದು ಬೆರಳ ಸಂದಿ ಒರೆಸಿ. ಬೂಟಿನ ಕೆಸರು ತೊಳೆದು, ಒಳಗೆ ಹಳೆಯ ಪತ್ರಿಕೆ ತುರುಕಿ ನೆರಳಿನಲ್ಲಿ ಒಣಗಿಸಿ. ಒಲೆಯ ಮುಂದಿಟ್ಟರೆ ಚರ್ಮ ಸೀಳುತ್ತದೆ. ಚರ್ಮದ ಬೂಟಿಗೆ ವಾರಕ್ಕೊಮ್ಮೆ ಮೇಣದ ಪಾಲಿಶ್ ಹಚ್ಚಿ. ತುರಿಕೆಗೆ ಅಂಗಡಿಯವರು ಕೊಡುವ ಸ್ಟೀರಾಯ್ಡ್ ಬೆರೆತ ಮುಲಾಮು ಬೇಡ. ಎರಡು ದಿನ ಹಿತವೆನಿಸಿ ಆಮೇಲೆ ರೋಗ ಹರಡುತ್ತದೆ. ಮೊಳೆ, ಮುಳ್ಳು, ಕಲ್ಲು ಚುಚ್ಚಿದರೆ ಧನುರ್ವಾಯುವಿನ ಚುಚ್ಚುಮದ್ದಿನ ಬಗ್ಗೆ ಕೇಳಿ.

ಕಾಲು ಊದಿ ಕೆಂಪಾದರೆ, ಜ್ವರ ಬಂದರೆ, ಗಾಯ ಕಪ್ಪಾದರೆ ಸಂತೆಯ ದಿನದವರೆಗೆ ಕಾಯಬೇಡಿ. ಅಂದೇ ವೈದ್ಯರಿಗೆ ತೋರಿಸಿ.