ಕೂಗಿ ಹೇಳಿದ ಬೆಲೆ

ಶೇಂಗಾ ಖರೀದಿಗೆ ಬಂದವನು ಚೀಲದೊಳಗೆ ಕೈ ತೂರಿಸಿ ತಳದಿಂದ ಒಂದು ಹಿಡಿ ಕಾಯಿ ತೆಗೆಯುತ್ತಾನೆ. ಕಣ್ಣಿಗೆ ಹಿಡಿಯುವ ಮೊದಲು ಕಿವಿಯ ಹತ್ತಿರ ತಂದು ಅಲ್ಲಾಡಿಸುತ್ತಾನೆ. ಚೆನ್ನಾಗಿ ಒಣಗಿದ್ದರೆ ಸಿಪ್ಪೆಯೊಳಗೆ ಕಾಳು ಗಲಗಲ ಎನ್ನುತ್ತದೆ, ಹಸಿ ಉಳಿದಿದ್ದರೆ ಸದ್ದೇ ಇಲ್ಲ. ಜೋಳವಾದರೆ ನಾಲ್ಕು ಕಾಳು ಬಾಯಿಗೆ ಹಾಕಿ ಕಡಿಯುತ್ತಾನೆ. ಕಟ್ ಎಂದರೆ ದರ ಏರಿಸಲು ಅಡ್ಡಿಯಿಲ್ಲ. ಹಲ್ಲಿಗೆ ಮೆತ್ತಗೆ ಸಿಕ್ಕಿತೋ, "ಇನ್ನೆರಡ ದಿನಾ ಬಿಸಲಾಗ ಹಾಕಬೇಕಾಗಿತ್ತ ನೋಡ ಕಾಕಾ" ಎಂಬ ಮಾತು ಬಂದೇ ಬರುತ್ತದೆ. ತೇವಾಂಶ ಅಳೆಯುವ ಯಂತ್ರ ಬಂದ ಮೇಲೂ ಈ ಪರೀಕ್ಷೆ ನಿಂತಿಲ್ಲ.

ಬೆಳಗಾವಿ ಜಿಲ್ಲೆಯ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಪ್ಯಾಟಿಗಳಲ್ಲಿ ಕಿವಿಗೆ ಇಂಥ ಕೆಲಸ ಬಹಳ. ಕಿತ್ತೂರಿನ ಕಡೆ ಮಳೆ ಹೆಚ್ಚು, ರಾಮದುರ್ಗದ ಕಡೆಗೆ ಸಾಗಿದಷ್ಟೂ ಕಡಿಮೆ. ನಡುವೆ ಮಲಪ್ರಭೆ, ಅದರ ಆಚೀಚೆ ಎರೆಭೂಮಿ. ಹತ್ತಿ, ಜೋಳ, ಕಡಲೆ, ಶೇಂಗಾ, ಗೋಧಿ ಇಲ್ಲಿಯ ಪ್ಯಾಟಿಯ ಮುಖ್ಯ ಮಾಲು. ಹೊರಗಿನಿಂದ ಬಂದವರಿಗೆ ಸಂತೆಯ ಸದ್ದೆಲ್ಲ ಒಂದೇ ಗದ್ದಲವಾಗಿ ಕೇಳುತ್ತದೆ. ದಿನವೂ ಅದರಲ್ಲಿ ಬದುಕುವವರಿಗೆ ಒಂದೊಂದು ಸದ್ದೂ ಬೇರೆ, ಒಂದೊಂದಕ್ಕೂ ಕಾರಣವಿದೆ.

ಬೈಲಹೊಂಗಲವನ್ನೇ ಮೊದಲು ನೋಡೋಣ. ರಾಣಿ ಚೆನ್ನಮ್ಮನ ಸಮಾಧಿ ಇರುವ ಊರೆಂದು ನಾಡಿಗೆಲ್ಲ ಪರಿಚಿತವಾದ ಈ ಪಟ್ಟಣ ವ್ಯಾಪಾರಸ್ಥರಿಗೆ ಹತ್ತಿಯ ಊರು. ಧಾರವಾಡದ ಕೃಷಿ ವಿಜ್ಞಾನಿಗಳು ಕೊಟ್ಟ ಡಿಸಿಎಚ್-32 ಎಂಬ ಉದ್ದೆಳೆಯ ತಳಿ ಈ ಸೀಮೆಯ ಹೊಲಗಳಲ್ಲಿ ಚೆನ್ನಾಗಿ ಬೇರೂರಿತ್ತು. ಸುಗ್ಗಿಯಲ್ಲಿ ಎಪಿಎಂಸಿ ಪ್ರಾಂಗಣಕ್ಕೆ ಹತ್ತಿಯ ಅಂಡಿಗೆಗಳು ಬಂದು ಬೀಳುತ್ತವೆ. ಹತ್ತಿ ಬಿದ್ದರೆ ಸದ್ದಿಲ್ಲ, ಧೊಪ್ಪೆಂದು ಒಂದು ಉಸಿರು ಬಿಟ್ಟಂತೆ ಅಷ್ಟೆ. ಕಾಳಿನ ಚೀಲದ್ದು ಹಾಗಲ್ಲ. ಹಮಾಲನ ಕೊಕ್ಕೆ ಗೋಣಿಗೆ ಖಸಕ್ಕನೆ ಹೊಗುತ್ತದೆ, ಚೀಲ ಬೆನ್ನಿಗೇರುತ್ತದೆ, "ಹಾದಿ, ಹಾದಿ ಬಿಡ್ರಿ" ಎಂಬ ಕೂಗು ಮುಂದೆ ಓಡುತ್ತದೆ. ಬೆನ್ನ ಮೇಲೆ ಚೀಲ ಹೊತ್ತು ಬಗ್ಗಿದವನಿಗೆ ಎದುರಿನದು ಕಾಣುವುದಿಲ್ಲ. ಆ ಕೂಗೇ ಅವನ ಕಣ್ಣು. ಕಾಟಾದ ಹತ್ತಿರ ತೂಗುವವನು ತೂಕವನ್ನು ಗಟ್ಟಿಯಾಗಿ ಹೇಳುತ್ತಾನೆ, ಗುಮಾಸ್ತ ಅದನ್ನೇ ಮರುನುಡಿದು ಬರೆದುಕೊಳ್ಳುತ್ತಾನೆ. ಎರಡು ಬಾಯಿಯಿಂದ ಬಂದ ಅಂಕಿ ಒಂದೇ ಆಗಿದ್ದರೆ ರೈತನಿಗೆ ಸಮಾಧಾನ.

ಈ ಗಟ್ಟಿ ದನಿಯ ಹಿಂದೆ ದೊಡ್ಡ ಇತಿಹಾಸವಿದೆ. ಒಂದು ಕಾಲದಲ್ಲಿ ಪ್ಯಾಟಿಯಲ್ಲಿ ದರ ಬಾಯಿಂದ ಹೊರಡುತ್ತಲೇ ಇರಲಿಲ್ಲ. ದಲಾಲನೂ ಖರೀದಿದಾರನೂ ಕೈಗಳ ಮೇಲೆ ಟವೆಲ್ಲೋ ಧೋತರದ ಚುಂಗೋ ಹೊದಿಸಿ, ಅದರಡಿ ಬೆರಳು ಹಿಡಿದು ವ್ಯವಹಾರ ಕುದುರಿಸುತ್ತಿದ್ದರು. ಯಾವ ಬೆರಳು ಹಿಡಿದರೆ ಎಷ್ಟು ಎಂಬುದು ಆ ಇಬ್ಬರಿಗೇ ಗೊತ್ತು. ಮಾಲು ಬೆಳೆದವನು ಪಕ್ಕದಲ್ಲೇ ನಿಂತಿರುತ್ತಿದ್ದ. ಅವನ ಬೆಳೆಯ ಬೆಲೆ ಮಾತ್ರ ಅವನ ಕಿವಿಗೆ ಬೀಳುತ್ತಿರಲಿಲ್ಲ.

1928ರಲ್ಲಿ ವರದಿ ಕೊಟ್ಟ ರಾಯಲ್ ಕೃಷಿ ಆಯೋಗ, ಬೆಳೆದವನಿಗೆ ನ್ಯಾಯ ಸಿಗಬೇಕಾದರೆ ನಿಯಂತ್ರಿತ ಮಾರುಕಟ್ಟೆಗಳು ಬೇಕೆಂದು ಹೇಳಿತು. ಬೆಳಗಾವಿ ಆಗ ಮುಂಬಯಿ ಪ್ರಾಂತದಲ್ಲಿತ್ತು. ಅಲ್ಲಿ ಹತ್ತಿ ಮಾರುಕಟ್ಟೆಗಳಿಗಾಗಿ 1927ರಲ್ಲಿ, ಎಲ್ಲ ಕೃಷಿ ಉತ್ಪನ್ನಗಳಿಗಾಗಿ 1939ರಲ್ಲಿ ಕಾಯ್ದೆಗಳು ಬಂದವು. ಏಕೀಕರಣದ ನಂತರ 1966ರ ಕರ್ನಾಟಕದ ಕಾಯ್ದೆ ಬಂತು. ಈ ಕಾನೂನುಗಳ ದಾರಿಯಲ್ಲಿ ಟವೆಲ್ಲಿನಡಿಯ ವ್ಯವಹಾರ ಹೋಗಿ ಬಹಿರಂಗ ಸವಾಲು ಬಂತು. ಅಂಗಡಿಯ ಮುಂದೆ ರಾಶಿ, ರಾಶಿಯ ಸುತ್ತ ಖರೀದಿದಾರರು, ನಡುವೆ ಸವಾಲು ಕೂಗುವವನು. ಅವನ ದನಿಗೆ ಒಂದು ಏರಿಳಿತ: ಅಂಕಿಯ ಕೊನೆಯ ಅಕ್ಷರವನ್ನು ಎಳೆಯುತ್ತಾನೆ, ಯಾರೋ ಗಲ್ಲ ಎತ್ತಿದರೆ ಮುಂದಿನ ಅಂಕಿಗೆ ಜಿಗಿಯುತ್ತಾನೆ, ಯಾರೂ ಮಿಸುಕದಿದ್ದರೆ ದನಿ ತಗ್ಗಿಸಿ "ಒಂದ ಸಾರಿ, ಎರಡ ಸಾರಿ" ಎಂದು ನಿಧಾನಿಸುತ್ತಾನೆ. ಮೂರನೆಯದಕ್ಕೂ ಎರಡನೆಯದಕ್ಕೂ ನಡುವಿನ ಆ ಅಂತರ ರೈತನಿಗೆ ಬಹಳ ದೀರ್ಘ. ಬೆಲೆಯನ್ನು ಬೆಳೆದವನ ಎದುರು ಕೂಗಿ ಹೇಳುವಂತಾದದ್ದು ಸಣ್ಣ ಸುಧಾರಣೆಯಲ್ಲ.

2014ರಿಂದ ರಾಜ್ಯದಲ್ಲಿ ಏಕೀಕೃತ ಮಾರುಕಟ್ಟೆ ವೇದಿಕೆ ಶುರುವಾಗಿ, ಆನ್‌ಲೈನ್ ಟೆಂಡರ್ ಒಂದೊಂದೇ ಎಪಿಎಂಸಿಗೆ ಬಂತು. ಖರೀದಿದಾರರು ಲಾಟ್ ನಂಬರ್ ನೋಡಿ ಕಂಪ್ಯೂಟರಿನಲ್ಲೋ ಮೊಬೈಲಿನಲ್ಲೋ ದರ ಹಾಕುತ್ತಾರೆ. ಇದರಿಂದ ಪರವೂರಿನವರೂ ಪೈಪೋಟಿಗೆ ಇಳಿಯಬಹುದು, ನಾಲ್ಕು ಜನ ಒಳಗೊಳಗೇ ಮಾತಾಡಿಕೊಂಡು ದರ ಇಳಿಸುವುದೂ ಕಷ್ಟ. ಇದು ಒಳ್ಳೆಯದೇ. ಆದರೆ ಪ್ರಾಂಗಣ ಮೌನವಾಗುತ್ತದೆ. ಸವಾಲಿನಲ್ಲಿ ಪಕ್ಕದ ಊರಿನವನ ಕಡಲೆಗೆ ಎಷ್ಟು ಬಂತೆಂದು ಎಲ್ಲರಿಗೂ ಕೇಳುತ್ತಿತ್ತು, ಅದನ್ನು ಕೇಳಿಯೇ "ನಮ್ಮ ಮಾಲಿಗೆ ಯಾಕ ಕಡಿಮಿ?" ಎಂದು ಜಗಳ ತೆಗೆಯುವ ಧೈರ್ಯ ಬರುತ್ತಿತ್ತು. ಪರದೆಯ ಮೇಲಿನ ಅಂಕಿಯನ್ನು ಹೋಗಿ ನೋಡಬೇಕು, ಓದಲು ಬರಬೇಕು.

ಎಪಿಎಂಸಿಯ ಗೋಡೆ ದಾಟಿ ವಾರದ ಸಂತೆಗೆ ಬಂದರೆ ಮೌನದ ಮಾತೇ ಇಲ್ಲ. "ಬರ್ರಿ ಅಕ್ಕಾರ, ಜವಾರಿ ಬದನಿಕಾಯಿ", "ಹತ್ತಕ್ಕ ಎರಡ ಸೂಡ ಮೆಂತೆ", "ಯಾವದ ತಗೊಂಡ್ರೂ ಇಪ್ಪತ್ತ". ಕೂಗುವವರು ಒಬ್ಬರ ದನಿಯ ಮೇಲೆ ಒಬ್ಬರು ಬೀಳುವುದಿಲ್ಲ. ಪಕ್ಕದವಳು ಉಸಿರು ಎಳೆಯುವಾಗ ಈಕೆ ಕೂಗುತ್ತಾಳೆ. ಹೇಳಿ ಮಾಡಿಸಿದ್ದಲ್ಲ, ವರ್ಷಗಟ್ಟಲೆ ಅಕ್ಕಪಕ್ಕ ಕೂತು ಬಂದ ಹೊಂದಾಣಿಕೆ. ತೂಕ ಮುಗಿದ ಮೇಲೆ "ಕೊಸರ ಹಾಕ ಯವ್ವಾ" ಎಂಬ ಕೋರಿಕೆ, "ಹಾಕೇನ್ರಿ, ಕಣ್ಣಿಗೆ ಕಾಣವೊಲ್ಲದೇನ?" ಎಂಬ ಉತ್ತರ. ಮೆಟ್ರಿಕ್ ತೂಕ ಕಡ್ಡಾಯವಾಗಿ ಅರವತ್ತು ವರ್ಷ ದಾಟಿದರೂ ಹಳ್ಳಿಯ ಹಿರಿಯರ ಬಾಯಲ್ಲಿ ಸೇರು, ಪಾವು ಉಳಿದಿವೆ. ಕಾಳು ಅಳೆಯುವವರು ಮೊದಲ ಅಳತೆಗೆ "ಒಂದು" ಎನ್ನುವುದಿಲ್ಲ, "ಲಾಭ" ಎಂದು ಶುರು ಮಾಡಿ ಎರಡು, ಮೂರು ಎಂದು ಮುಂದುವರಿಸುತ್ತಾರೆ. ಕುಂಬಾರರ ಸಾಲಿನಲ್ಲಿ ಕೊಳ್ಳುವವರು ಗಡಿಗೆಯನ್ನು ಬೆರಳ ಗೆಣ್ಣಿನಿಂದ ಬಾರಿಸಿ ನೋಡುತ್ತಾರೆ. ಟಣ್ ಎಂದರೆ ಚೆನ್ನಾಗಿ ಸುಟ್ಟದ್ದು. ಕಣ್ಣಿಗೆ ಕಾಣದ ಕೂದಲೆಳೆಯ ಸೀಳಿದ್ದರೂ ದನಿ ಒಡೆದುಹೋಗುತ್ತದೆ. ಎತ್ತಿನ ಕೊರಳ ಗಂಟೆ ಕೊಳ್ಳುವ ರೈತ ಒಂದನ್ನು ಎಡಗೈಯಲ್ಲಿ, ಇನ್ನೊಂದನ್ನು ಬಲಗೈಯಲ್ಲಿ ಹಿಡಿದು ನುಡಿಸಿ, ದನಿ ಕೂಡುವ ಜೋಡಿ ಸಿಗುವ ತನಕ ಅಂಗಡಿ ಬಿಟ್ಟು ಏಳುವುದಿಲ್ಲ.

ಕಿತ್ತೂರಿನ ಸದ್ದಿನಲ್ಲಿ ಹೆದ್ದಾರಿಯ ಪಾಲು ದೊಡ್ಡದು. ಪುಣೆ–ಬೆಂಗಳೂರು ಹೆದ್ದಾರಿ ಊರ ಮಗ್ಗುಲಲ್ಲೇ ಹಾದಿದೆ. "ಧಾರವಾಡ ಹುಬ್ಬಳ್ಳಿ, ಧಾರವಾಡ ಹುಬ್ಬಳ್ಳಿ" ಎನ್ನುವ ಕಂಡಕ್ಟರ್, ಟಂಟಂ ಚಾಲಕರ ಕರೆ, ಹುರಿದ ಶೇಂಗಾ ಮಾರುವ ಹುಡುಗರು, ಮಿರ್ಚಿ ಬಿಡುವ ಕಾದ ಎಣ್ಣೆಯ ಚುರ್ ಸದ್ದು. 1824ರ ಅಕ್ಟೋಬರ್ 23ರಂದು ಚೆನ್ನಮ್ಮನ ಪಡೆಯೆದುರು ಬ್ರಿಟಿಷ್ ಅಧಿಕಾರಿ ಥ್ಯಾಕರೆ ಬಿದ್ದ ಕೋಟೆಯ ಬಾಗಿಲು ಇಲ್ಲಿಂದ ದೂರವಿಲ್ಲ. ಪ್ರತಿ ಅಕ್ಟೋಬರಿನ ಉತ್ಸವದಲ್ಲಿ ಡೊಳ್ಳು, ಕರಡಿಮಜಲುಗಳು ಬೀದಿಗಿಳಿದಾಗ ವ್ಯಾಪಾರಸ್ಥರ ಕೂಗು ಒಂದಷ್ಟು ಹೊತ್ತು ಸೋಲುತ್ತದೆ.

ಸವದತ್ತಿಯದು ಬೇರೆಯೇ ಲೋಕ. ಊರಿಂದ ಐದಾರು ಕಿಲೋಮೀಟರ್ ದೂರದ ಎಲ್ಲಮ್ಮನ ಗುಡ್ಡದಲ್ಲಿ ಹುಣ್ಣಿಮೆ ಬಂತೆಂದರೆ ಜಾತ್ರೆಯೂ ಪ್ಯಾಟಿಯೂ ಒಂದಾಗುತ್ತವೆ. ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗಳಿಗೆ ಸಾಲುಗಟ್ಟಿ ಬರುವ ಚಕ್ಕಡಿಗಳ ಗೆಜ್ಜೆಸರ ಇರುಳಿನಲ್ಲಿ ಬಲು ದೂರಕ್ಕೆ ಕೇಳುತ್ತದೆ. ಗುಡ್ಡ ಕಣ್ಣಿಗೆ ಬಿದ್ದ ಕೂಡಲೆ "ಉಧೋ, ಉಧೋ". ಅಂಗಡಿಗಳಲ್ಲಿ ಭಂಡಾರ, ಕುಂಕುಮದ ರಾಶಿ, ಪಡಲಿಗೆಗಳು, ಹಸಿರು ಬಳೆಯ ಗೊಂಚಲುಗಳು. ಹೊಸ್ತಿಲ ಹುಣ್ಣಿಮೆಗೆ ದೇವಿಯ ಕಂಕಣ ವಿಸರ್ಜನೆಯಾಗಿ, ಮುಂದೆ ಆಕೆ ಮತ್ತೆ ಮುತ್ತೈದೆಯಾಗುತ್ತಾಳೆಂಬ ನಂಬಿಕೆ. ಹೀಗಾಗಿ ಇಲ್ಲಿ ಬಳೆಯ ಸದ್ದಿಗೂ ಋತುವಿದೆ.

ಈ ಪ್ಯಾಟಿಯ ನಿಜವಾದ ದನಿ ಚೌಡಿಕೆಯದು. ಕೊಳಗದಂಥ ಒಡಲು, ಒಂದು ಬದಿಗೆ ಚರ್ಮ, ಚರ್ಮದ ನಡುವಿನಿಂದ ಹೊರಟು ಕೋಲಿನ ತುದಿಗೆ ಕಟ್ಟಿದ ತಂತಿ. ಮೀಟಿದರೆ ತಂತಿಯ ನಾದವೂ ಚರ್ಮದ ಗುಂಯ್ ಎಂಬ ಪೆಟ್ಟೂ ಒಟ್ಟಿಗೇ ಬರುತ್ತವೆ. ಜೊತೆಗೆ ಶ್ರುತಿ, ತಾಳ, ಮೇಲೆ ಜೋಗತಿಯರ ಹಾಡು. ಈ ನಾದದ ಹಿಂದೆ ಹೆಣ್ಣುಮಕ್ಕಳನ್ನು ದೇವರಿಗೆ ಬಿಡುವ ಪದ್ಧತಿಯ ನೋವೂ ಇದೆ. ಅದನ್ನು 1982ರ ಕಾನೂನು ನಿಷೇಧಿಸಿದ್ದು ಸರಿಯಾಗಿಯೇ ಇದೆ. ಪದ್ಧತಿ ಹೋಗಬೇಕು, ಕಲೆ ಉಳಿಯಬೇಕು. ಜೋಗತಿ ಕಲೆಯ ಮಂಜಮ್ಮ ಜೋಗತಿ ಅವರಿಗೆ 2021ರಲ್ಲಿ ಪದ್ಮಶ್ರೀ ಬಂದದ್ದು ಆ ಕಲೆಗೆ ಸಿಕ್ಕ ದೊಡ್ಡ ಮನ್ನಣೆ.

ರಾಮದುರ್ಗ 1948ರವರೆಗೆ ಸಂಸ್ಥಾನವಾಗಿತ್ತು. ಈ ಸೀಮೆಯಲ್ಲಿ ಮಗ್ಗದ ಊರುಗಳಿವೆ. ನೇಕಾರರ ಓಣಿಯಲ್ಲಿ ಕೈಮಗ್ಗದ ಲಾಳಿ ಟಕ್ ಎಂದು ಓಡಿ, ಹಲಗೆ ಧಡ್ ಎಂದು ಬಡಿಯುತ್ತದೆ. ಎಳೆ ಹರಿದರೆ ಲಯ ನಿಲ್ಲುತ್ತದೆ, ಒಳಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದವರಿಗೂ ಅದು ಗೊತ್ತಾಗುತ್ತದೆ. ಪವರ್‌ಲೂಮ್ ಬಂದಲ್ಲಿ ಈ ಬಿಡುವುಗಳಿಲ್ಲ, ಒಂದೇ ಸಮನೆ ಖಟಖಟ. ಬಟ್ಟೆಯ ಅಂಗಡಿಯಲ್ಲಿ ಹಿರಿಯ ಹೆಂಗಸರು ಹೊಸ ಸೀರೆಯನ್ನು ಮುಷ್ಟಿಯಲ್ಲಿ ಹಿಡಿದು ಹಿಂಡಿ, ಗಂಜಿಯ ಸದ್ದು ಕೇಳಿ, ನೂಲಿನ ಬಗ್ಗೆ ತೀರ್ಪು ಕೊಡುತ್ತಾರೆ. ಕುಪ್ಪಸದ ಖಣ ಕತ್ತರಿಯ ಒಂದು ಕಚ್ಚಿಗೆ ಪರ್ರೆಂದು ಹರಿಯುತ್ತದೆ.

ಒಟ್ಟಾರೆ ಇದೆಲ್ಲ ಬರಿಗಂಟಲಿನ ಸೀಮೆ. ಸವದತ್ತಿ ತಾಲ್ಲೂಕಿನ ಏಣಗಿಯಲ್ಲಿ 1914ರಲ್ಲಿ ಹುಟ್ಟಿ 2017ರವರೆಗೆ ಬಾಳಿದ ಏಣಗಿ ಬಾಳಪ್ಪನವರು ಕಂಪನಿ ನಾಟಕದ ದೊಡ್ಡ ಹಾಡುಗಾರ ನಟ. ಬೈಲಹೊಂಗಲ ಸೀಮೆಯದೆಂದೇ ಜನ ಹೇಳುವ ಸಂಗ್ಯಾ ಬಾಳ್ಯಾ ಕಥೆಯನ್ನು ಸಣ್ಣಾಟದವರು ಬಯಲಲ್ಲಿ ಏರುದನಿಯಲ್ಲಿ ಹಾಡುತ್ತಿದ್ದರು. ಈಗ ತಳ್ಳುಗಾಡಿಗಳ ಮೇಲೆ ಚಿಕ್ಕ ಸ್ಪೀಕರ್ ಬಂದಿದೆ. ಒಮ್ಮೆ ಮುದ್ರಿಸಿದ ಕೂಗು ಮುಂಜಾನೆಯಿಂದ ಸಂಜೆಯ ತನಕ ಉಸಿರು ತೆಗೆದುಕೊಳ್ಳದೆ ಓಡುತ್ತದೆ. ಹತ್ತು ಗಾಡಿ, ಹತ್ತು ಸ್ಪೀಕರ್, ಪಕ್ಕದವರಿಗೆ ಎಡೆಯೇ ಇಲ್ಲ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಾಣಿಜ್ಯ ಪ್ರದೇಶದಲ್ಲಿ ಹಗಲಿನ ಮಿತಿ 65 ಡೆಸಿಬೆಲ್. ಸಂತೆಯ ದಿನ ಅದನ್ನು ಅಳೆದು ನೋಡಬೇಕು.

ಎಲ್ಲ ಯಂತ್ರವೂ ಹಾಗಲ್ಲ. ಹೂವು ಮಾರುವ ಅಜ್ಜಿಯ ಬುಟ್ಟಿಯ ಪಕ್ಕ ಕೂತ ಯುಪಿಐ ಡಬ್ಬಿ, ಬಂದ ಹಣವನ್ನು ಕನ್ನಡದಲ್ಲಿ ಗಟ್ಟಿಯಾಗಿ ಹೇಳುತ್ತದೆ. ಓದಲು ಬಾರದ ಆಕೆಗೆ ಮೊಬೈಲಿನ ಪರದೆಯ ಮೇಲೆ ಭರವಸೆಯಿಲ್ಲ, ಆ ದನಿಯ ಮೇಲಿದೆ. ಸಂದಣಿಯಲ್ಲಿ "ಇಪ್ಪತ್ತು ರೂಪಾಯಿ" ಎಂದು ಕೇಳಿದ ಮೇಲೆಯೇ ಮಾಲೆ ಕೈ ಬದಲಿಸುತ್ತದೆ. ಅಂಕಿಯನ್ನು ಕಿವಿಯಿಂದ ಖಾತರಿ ಮಾಡಿಕೊಳ್ಳುವ ಪ್ಯಾಟಿಯ ಹಳೆಯ ರೂಢಿಗೆ ಈ ಡಬ್ಬಿ ಸಲೀಸಾಗಿ ಹೊಂದಿಕೊಂಡಿತು.

ಬದಲಾಗುವ ಇಂಥ ಸದ್ದುಗಳನ್ನು ಹಿಡಿದಿಡಬಹುದು. ಕೆನಡಾದ ಸಂಗೀತ ರಚನಕಾರ ಮುರ್ರೆ ಶೇಫರ್ ಮತ್ತು ಸಂಗಡಿಗರು 1970ರ ದಶಕದ ಆರಂಭದಲ್ಲಿ ವ್ಯಾಂಕೂವರ್ ನಗರದ ಬಂದರು, ಗಂಟೆ, ಬೀದಿಗಳ ಸದ್ದನ್ನು ಧ್ವನಿಮುದ್ರಿಸಿ 1973ರಲ್ಲಿ ಪ್ರಕಟಿಸಿದರು. ಇಂದು ಆ ಊರಿನ ಬದಲಾವಣೆಯನ್ನು ಅದರಿಂದ ಅಳೆಯಬಹುದು. ನಮ್ಮಲ್ಲಿ ಜನಪದ ಹಾಡುಗಳ ಧ್ವನಿಮುದ್ರಣಕ್ಕೆ ಒಳ್ಳೆಯ ಪರಂಪರೆಯಿದೆ. ಸವಾಲು ಕೂಗುವವನ ದನಿ, ಹಮಾಲರ ಎಣಿಕೆ, ಬಳೆಗಾರರ ಕರೆ ಆ ಪಟ್ಟಿಗೆ ಸೇರಬೇಕು. ಗೊಟಗೋಡಿಯ ಜಾನಪದ ವಿಶ್ವವಿದ್ಯಾಲಯ, ಧಾರವಾಡದ ಆಕಾಶವಾಣಿ ಮನಸ್ಸು ಮಾಡಿದರೆ ಇದು ದೊಡ್ಡ ಖರ್ಚಿನ ಕೆಲಸವಲ್ಲ, ಇಂದಿನ ಕೂಗುಗಾರರು ಇರುವಾಗಲೇ ಆಗಬೇಕು. ಎಪಿಎಂಸಿಗಳಿಗೂ ಒಂದು ಮಾತು: ಟೆಂಡರ್ ಆನ್‌ಲೈನ್ ಇರಲಿ, ಆದರೆ ಲಾಟ್ ನಂಬರ್, ಮಾಲು, ಗೆದ್ದ ದರ ಮೂರನ್ನೂ ಪ್ರಾಂಗಣದ ಮೈಕಿನಲ್ಲಿ ಕನ್ನಡದಲ್ಲಿ ಪ್ರತಿದಿನ ಕೂಗಿ ಹೇಳಿ.