ಅಂಗನವಾಡಿಗೆ ಮಗುವಿನ ಸಿದ್ಧತೆಯನ್ನು ಗುರುತಿಸುವ ಬಗೆ

ಉಮರ್ಗಾ, ನಿಲಂಗಾ, ಉದಗೀರ ತಾಲೂಕುಗಳ ಕನ್ನಡ ಮನೆಮಾತಿನ ಮಗು ಅಂಗನವಾಡಿಯ ಮರಾಠಿಗೆ ಮೌನವಾಗಿದ್ದ ಮಾತ್ರಕ್ಕೆ ಅದು ಸಿದ್ಧವಾಗಿಲ್ಲವೆಂದು ತೀರ್ಮಾನಿಸಲಾಗದು.

2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿ ಬುನಾದಿ ಹಂತವು 3ನೆಯ ವರ್ಷದಿಂದ ಆರಂಭವಾಗುತ್ತದೆ. ಆದರೆ ವಯಸ್ಸೊಂದೇ ಅಳತೆಗೋಲಲ್ಲ. ತಾಯಿಯನ್ನಗಲಿ ಸ್ವಲ್ಪ ಹೊತ್ತು ಇರುವುದು, ನೀರಡಿಕೆ ಹಾಗೂ ಶೌಚದ ಅಗತ್ಯವನ್ನು ಮಾತಿನಿಂದಲೋ ಸನ್ನೆಯಿಂದಲೋ ತಿಳಿಸುವುದು, “ಚೆಂಡು ತಂದು ಬುಟ್ಟಿಯಲ್ಲಿ ಹಾಕು” ಎಂಬಂತಹ ಸೂಚನೆಯನ್ನು ಪಾಲಿಸುವುದು, ಇತರ ಮಕ್ಕಳ ಬಳಿ ಕುಳಿತು ಆಡುವುದು ಸಿದ್ಧತೆಯ ಲಕ್ಷಣಗಳು. ಅಕ್ಷರಜ್ಞಾನ ಬೇಕಿಲ್ಲ.

ಇವುಗಳನ್ನು ಶಿಕ್ಷಕರು ಮನೆಮಾತಿನಲ್ಲಿಯೇ, ಹಲವು ದಿನ ಗಮನಿಸಬೇಕು. ಕನ್ನಡದ ಸೂಚನೆಯನ್ನು ಪಾಲಿಸುವ ಮಗುವಿಗೆ ಮರಾಠಿ ರೂಢಿಯಾಗಲು ಕಾಲಾವಕಾಶ ಸಾಕು. ಕನ್ನಡಕ್ಕೂ ಸ್ಪಂದಿಸದ ಮಗುವಿಗೆ ಶ್ರವಣ ಪರೀಕ್ಷೆ ಮಾಡಿಸಲು ಪಾಲಕರಿಗೆ ತಿಳಿಸಬೇಕು. ಲಕ್ಷಣಗಳು ಕಾಣದಿದ್ದರೂ ಪ್ರವೇಶವನ್ನು ನಿರಾಕರಿಸಲಾಗದು; ಅಂತಹ ಮಗುವಿಗೆ ಅಂಗನವಾಡಿಯ ಅಗತ್ಯ ಇನ್ನೂ ಹೆಚ್ಚು.