ಕೂಸು ಮುಷ್ಟಿ ಚೀಪಿದರೆ ಹಸಿವೆಂದೇ ಅರ್ಥವೇ?

2 ತಿಂಗಳ ಕೂಸು ಮುಷ್ಟಿ ಚೀಪತೊಡಗಿದರೆ ಸಾಕು, ಮನೆಯ ಹಿರಿಯರ ತೀರ್ಪು ಬಂದುಬಿಡುತ್ತದೆ: “ಹಾಲು ಸಾಲ್ತಿಲ್ಲ ಕಣವ್ವ.” ಅರಕಲಗೂಡು ತಾಲ್ಲೂಕಿನ ಮಲ್ಲಿಪಟ್ಟಣದ ಕಡೆಯಾಗಲಿ, ಹೊಳೆನರಸೀಪುರ, ಚನ್ನರಾಯಪಟ್ಟಣದ ಕಡೆಯಾಗಲಿ ಈ ಮಾತು ಕೇಳದ ಬಾಣಂತಿ ಅಪರೂಪ. ಮರುದಿನವೇ ಪುಡಿ ಹಾಲಿನ ಡಬ್ಬ ಮನೆ ಸೇರುತ್ತದೆ. ಡಬ್ಬ ಬಂದಮೇಲೆ ಮಗು ಎದೆಗೆ ಬಾಯಿ ಹಾಕುವುದು ಕಡಿಮೆ, ಚೀಪುವುದು ಕಡಿಮೆಯಾದಂತೆ ಹಾಲು ಕೂಡುವುದೂ ಕಡಿಮೆ. ಕೊನೆಗೆ ಆ ತೀರ್ಪೇ ನಿಜವಾಗಿಬಿಡುತ್ತದೆ!

ಹಸಿದಾಗಲೂ ಮಗು ಕೈ ಬಾಯಿಗಿಡುತ್ತದೆ, ಸುಳ್ಳಲ್ಲ. ಆದರೆ ಆಗ ಬೇರೆ ಸೂಚನೆಗಳೂ ಜೊತೆಗಿರುತ್ತವೆ. ಕೆನ್ನೆಗೆ ಏನು ತಾಕಿದರೂ ಅತ್ತ ತಿರುಗಿ ಬಾಯಿ ತೆರೆಯುತ್ತದೆ, ತುಟಿ ಚಪ್ಪರಿಸುತ್ತದೆ, ಕೊಸರಾಡುತ್ತದೆ. ಅಳುವುದು ಕಟ್ಟಕಡೆಗೆ. ಹಾಲು ಸಾಕೋ ಬೇಕೋ ಎಂಬುದಕ್ಕೆ ಮುಷ್ಟಿಗಿಂತ ಒದ್ದೆ ಬಟ್ಟೆಯನ್ನು ನಂಬಬಹುದು. ಮೊದಲ ವಾರ ದಾಟಿದ ಮಗು ದಿನಕ್ಕೆ 6 ಸಲವಾದರೂ ಉಚ್ಚೆ ಹೊಯ್ದು, ತಾಯಿ ಕಾರ್ಡಿನಲ್ಲಿ ತೂಕದ ಗೆರೆ ಏರುತ್ತಿದ್ದರೆ ಡಬ್ಬದ ಮಾತು ಬೇಡ.

ಬೆರಳು ಚೀಪುವುದು ಹುಟ್ಟಿದಮೇಲೆ ಅಂಟಿದ ಚಾಳಿಯಲ್ಲ. 4ನೇ ತಿಂಗಳ ಹೊತ್ತಿಗೇ ಗರ್ಭದ ಸ್ಕ್ಯಾನಿಂಗಿನಲ್ಲಿ ಬಾಯೊಳಗೆ ಹೆಬ್ಬೆರಳು ಕಾಣುವುದುಂಟು. ಎಳೆಗೂಸಿನ ಎರಡೂ ಅಂಗೈಗಳನ್ನು ಒಟ್ಟಿಗೆ ಮೆಲ್ಲಗೆ ಒತ್ತಿದರೆ ಬಾಯಿ ತಾನಾಗಿ ತೆರೆದುಕೊಳ್ಳುತ್ತದೆ. ವೈದ್ಯರು ಇದನ್ನು ಬಾಬ್ಕಿನ್ ಪ್ರತಿವರ್ತನೆ ಎನ್ನುತ್ತಾರೆ. ನಾಲ್ಕೈದು ತಿಂಗಳಲ್ಲಿ ಅದು ಮಾಯ. ಅಷ್ಟರಲ್ಲಿ ಕೈ ಮಗುವಿನ ಅಂಕೆಗೆ ಬರತೊಡಗಿ, ಸೆರಗು, ಗಿಲಕಿ, ಅಪ್ಪನ ಮೊಬೈಲು ಎಲ್ಲವೂ ಬಾಯಿಗೆ. ಮೆತ್ತಗೋ ಗಟ್ಟಿಯೋ, ನುಣುಪೋ ತರಿಯೋ ಎಂಬುದು ಆ ವಯಸ್ಸಿನಲ್ಲಿ ತುಟಿ, ನಾಲಿಗೆಗೇ ಚೆನ್ನಾಗಿ ಗೊತ್ತಾಗುವುದು. ಜೊಲ್ಲು ಕಂಡಕೂಡಲೇ “ಹಲ್ಲು ಬರ್ತಿದೆ” ಎನ್ನುವುದೂ ಅವಸರವೇ. ಜೊಲ್ಲು 3ನೇ ತಿಂಗಳಿಗೇ ಶುರುವಾಗುತ್ತದೆ, ಮೊದಲ ಹಲ್ಲು ಸಾಮಾನ್ಯವಾಗಿ 6ನೇ ತಿಂಗಳ ಆಸುಪಾಸಿಗೆ.

ಹಾಗಾಗಿ ಬೆರಳಿಗೆ ಕಹಿ ಹಚ್ಚಿ ಕೂಸಿನ ಕೈ ತಡೆಯುವುದಕ್ಕಿಂತ ದೊಡ್ಡವರು ತಮ್ಮ ಕೈ ನೋಡಿಕೊಳ್ಳುವುದು ವಾಸಿ. ಅರಕಲಗೂಡು ಹೊಗೆಸೊಪ್ಪಿನ ಸೀಮೆ; ಇದೇ ತಾಲ್ಲೂಕಿನ ರಾಮನಾಥಪುರದಲ್ಲಿ ಹರಾಜು ಮಾರುಕಟ್ಟೆಯೇ ಇದೆ. ಹಸಿ ಸೊಪ್ಪು ಮುರಿದವರ ಬೆರಳ ಸಂದುಗಳಲ್ಲಿ ಕಪ್ಪನೆಯ ಅಂಟು ಮೆತ್ತಿಕೊಳ್ಳುತ್ತದೆ, ಬರೀ ನೀರಿಗೆ ಬಿಡುವುದಿಲ್ಲ. ಹಸಿ ಎಲೆಯ ನಿಕೋಟಿನ್ ಚರ್ಮದ ಮೂಲಕವೇ ಮೈಗೆ ಇಳಿದು ಕೂಲಿಯಾಳುಗಳಿಗೆ ತಲೆಸುತ್ತು, ವಾಂತಿ ಬರಿಸುತ್ತದೆ. ಅಂಥ ಬೆರಳನ್ನೇ ಮಗು ಹಿಡಿದೆಳೆದು ಚೀಪುತ್ತದೆ. ಸೋಪು ಹಾಕಿ ತಿಕ್ಕಿ ತೊಳೆದು, ಹೊಲದ ಬಟ್ಟೆ ಬದಲಿಸಿಯೇ ಎತ್ತಿಕೊಳ್ಳಬೇಕು. ಬಿತ್ತನೆ ಆಲೂಗಡ್ಡೆಗೆ ಔಷಧಿ ಹಾಕಿದ ಕೈಗೂ ಇದೇ ನಿಯಮ.

ತೆವಳುವ ಕೂಸಿರುವ ಮನೆಯಲ್ಲಿ ಅಡಿಕೆ ಚೂರು, ಕಡಲೆಬೀಜ ನೆಲದ ಮೇಲಿರಬಾರದು, ಗಂಟಲಿಗೆ ಸಿಕ್ಕಿಕೊಳ್ಳುತ್ತವೆ. ಬಟನ್ ಬ್ಯಾಟರಿ ನುಂಗಿದರಂತೂ ಒಂದೆರಡು ಗಂಟೆಯಲ್ಲೇ ಅನ್ನನಾಳ ಸುಡಬಹುದು. ತಕ್ಷಣ ಆಸ್ಪತ್ರೆಗೆ ಓಡಬೇಕು.

4 ತಿಂಗಳು ಕಳೆದರೂ ಮುಷ್ಟಿ ಬಿಗಿಯಾಗಿಯೇ ಇದ್ದರೆ, ಎರಡೂ ಕೈ ಬಾಯಿಯತ್ತ ಬಾರದಿದ್ದರೆ ವೈದ್ಯರಿಗೆ ತೋರಿಸಬೇಕು. ವರ್ಷ ತುಂಬುವ ಮೊದಲೇ ಮಗು ಎಲ್ಲಕ್ಕೂ ಒಂದೇ ಕೈ ಚಾಚುತ್ತಿದ್ದರೆ “ಎಡಚ” ಎಂದು ನಕ್ಕು ಬಿಡುವಂತಿಲ್ಲ, ಇನ್ನೊಂದು ಕೈಯಲ್ಲಿ ಬಲ ಕಡಿಮೆ ಇರಬಹುದು. ಆಶಾ ಕಾರ್ಯಕರ್ತೆ 3, 6, 9ನೇ ತಿಂಗಳಲ್ಲಿ ಮನೆಗೆ ಬಂದಾಗ ತೂಕದ ಜೊತೆ ಇದನ್ನೂ ಅವರಲ್ಲಿ ಕೇಳಬಹುದು.